ಮಂಗನ ಮೇಲೇಕೆ ಅಪವಾದ?

ಮಕ್ಕಳೇ, ಸಾಗರದ ಕಡೆಯ ಹುಡುಗಿಯೊಬ್ಬಳು ನನಗೆ ಪತ್ರ ಬರೆದಿದ್ದಾಳೆ. ಆರನೇ ತರಗತಿಯಂತೆ. “ತಾತಾ, ನಮ್ಮೂರಲ್ಲಿ ಮಂಗ ಕಂಡರೆ ಹುಡುಗರು ಕಲ್ಲು ಹೊಡೆಯುತ್ತಾರೆ. ಮಂಗನ ಕಾಯಿಲೆಯನ್ನು ಮಂಗವೇ ತರುತ್ತದಂತೆ. ನಿಜವಾ?” ಪ್ರಶ್ನೆ ಚಿಕ್ಕದು. ಉತ್ತರ ಹೇಳಲು ಮಾತ್ರ ನಾನು ನಿಮ್ಮನ್ನು 1957ಕ್ಕೆ ಕರೆದುಕೊಂಡು ಹೋಗಬೇಕು.

ಆ ವರ್ಷ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕೆಂಪು ಮೂತಿಯ ಮಂಗಗಳೂ ಸತ್ತವು, ಕಪ್ಪು ಮೂತಿಯ ಮುಸುವಗಳೂ ಸತ್ತವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ, ಕಾಡಿಗೆ ಹೋಗಿ ಬಂದವರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಮೊದಲು ಅವರಿಗೆ ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ, ಸೊಳ್ಳೆಯಿಂದ ಹರಡುವ ರೋಗ ಅದು. ಭಾರತಕ್ಕೆ ಅದು ಕಾಲಿಟ್ಟಿರಲೇ ಇಲ್ಲ.

ಆದರೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ಸಂಬಂಧಿ. ಇಲ್ಲಿಯೂ ಉಣುಗೇ ಇರಬಹುದೇ? ಕಾಡಿನಿಂದ ಉಣುಗುಗಳನ್ನು ಹಿಡಿದು ನೋಡಿದರು. ವೈರಸ್ ಅವುಗಳಲ್ಲಿತ್ತು! ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. ಕೆಎಫ್‌ಡಿ ಎಂದರೆ ಕ್ಯಾಸನೂರು ಕಾಡಿನ ಕಾಯಿಲೆ.

ಈಗ ತಿಳಿಯಿತೇ? ಉಣುಗು ಮಂಗನನ್ನು ಕಚ್ಚುತ್ತದೆ, ಮಂಗನಿಗೆ ಜ್ವರ ಬರುತ್ತದೆ. ಮಂಗ ಸತ್ತಾಗ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಅಲ್ಲೇ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆ ದಾರಿಯಲ್ಲಿ ನಡೆದವರನ್ನು, ಎಳ್ಳುಕಾಳಿನಷ್ಟೂ ಇರದ ಮರಿ ಉಣುಗು ಕಚ್ಚುತ್ತದೆ. ಮಂಗವೂ ನಮ್ಮ ಹಾಗೆ ರೋಗಿಯೇ. ನಮಗಿಂತ ಮೊದಲು ಕಾಯಿಲೆ ಬೀಳುವುದರಿಂದ ಅದು ನಮಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಕಲ್ಲು ಹೊಡೆದು ಓಡಿಸಿದರೆ ಆ ಎಚ್ಚರಿಕೆ ಕೊಡುವವರು ಯಾರು?

ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಮನೆಯ ಹಿರಿಯರಿಗೋ ಮೇಷ್ಟ್ರಿಗೋ ಆಶಾ ಕಾರ್ಯಕರ್ತೆಗೋ ಕೂಡಲೇ ಹೇಳಿ. ಆರೋಗ್ಯ ಇಲಾಖೆಯವರು ಬಂದು ಸುತ್ತ ಔಷಧ ಸಿಂಪಡಿಸುತ್ತಾರೆ. ನಿಮ್ಮ ಒಂದು ಮಾತಿನಿಂದ ಊರಿನ ಯಾರದೋ ಜೀವ ಉಳಿದೀತು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು ತರುವುದು ಮಲೆನಾಡಿನವರಾದ ನಮಗೆ ಹುಟ್ಟಿನಿಂದ ಬಂದ ರೂಢಿ. ಆದರೆ ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗು ಹೆಚ್ಚಿರುವ ಕಾಲದಲ್ಲಿ, ಮಂಗ ಸತ್ತ ಕಡೆಯ ದರಗು ಖಂಡಿತ ಬೇಡ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ತೊಟ್ಟ ಬಟ್ಟೆಯೂ ಬಿಸಿನೀರಿಗೆ ಬೀಳಲಿ.

ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಕೈಕಾಲು ಸೆಳೆತ ಬಂದರೆ ಕಷಾಯ ಕುಡಿದು ನಾಲ್ಕು ದಿನ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, “ಕಾಡಿಗೆ ಹೋಗಿದ್ದೆ” ಎಂದು ತಪ್ಪದೆ ಹೇಳಿ. ಈ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇನ್ನೂ ಇಲ್ಲ. ಬೇಗ ಹೋದರೆ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಗುಣವಾಗುತ್ತಾರೆ. ಜ್ವರ ಬಂದವರನ್ನು ದೂರ ಇಡಬೇಕಾಗಿಯೂ ಇಲ್ಲ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಳೆಯ ಲಸಿಕೆಯ ಶಕ್ತಿ ಸಾಲದೆ ಅದನ್ನು ನಿಲ್ಲಿಸಿದ್ದಾರೆ. ಹೊಸದಕ್ಕಾಗಿ ನಮ್ಮ ವಿಜ್ಞಾನಿಗಳು ದುಡಿಯುತ್ತಿದ್ದಾರೆ.

ಅಂದ ಹಾಗೆ ಮಕ್ಕಳೇ, ಉಣುಗಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ನಿಮ್ಮ ಕಡೆ ಏನೆನ್ನುತ್ತಾರೆ? ಅಜ್ಜಿಯನ್ನು ಕೇಳಿ ನನಗೆ ಬರೆಯಿರಿ.