ಓಪೆತ್ ತೀರಿಕೊಂಡದ್ದು 2011ರಲ್ಲಲ್ಲ

ಸ್ವೀಡನ್ನಿನ ಓಪೆತ್ ತಂಡದ ಹದಿನಾಲ್ಕು ಆಲ್ಬಮ್‌ಗಳನ್ನು ಶ್ರೇಷ್ಠತೆಯ ಕ್ರಮದಲ್ಲಿ ಜೋಡಿಸುವ ಪಟ್ಟಿಗಳನ್ನು ಎಷ್ಟೋ ಓದಿದ್ದೇನೆ. ನಾನು ಕಂಡವೆಲ್ಲ ಹೆಚ್ಚುಕಡಿಮೆ ಒಂದೇ. ನೆತ್ತಿಯ ಮೇಲೆ 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’. ತಳದಲ್ಲಿ 2011ರ ‘ಹೆರಿಟೇಜ್’ ಅಥವಾ ಅದರ ನಂತರ ಬಂದ ಯಾವುದೋ ಒಂದು. ಕೇಂದ್ರ ಸರ್ಕಾರದ ನೌಕರನಾದ ನನಗೆ ಈ ಪದ್ಧತಿ ಚಿರಪರಿಚಿತ. ವಾರ್ಷಿಕ ಕಾರ್ಯಮೌಲ್ಯಮಾಪನ ವರದಿಯಲ್ಲಿ ಒಮ್ಮೆ ಹತ್ತಕ್ಕೆ ಒಂಬತ್ತು ಪಡೆದವನಿಗೆ ಮರುವರ್ಷವೂ ಒಂಬತ್ತೇ. ಕಡತವನ್ನು ನೋಡುವವರುಂಟು, ಕೆಲಸವನ್ನು ನೋಡುವವರಿಲ್ಲ.

ಈ ಪಟ್ಟಿಗಳ ಹಿಂದೆ ಒಂದು ಹೇಳದ ಸಿದ್ಧಾಂತವಿದೆ. ತಂಡದ ನಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಆಲ್ಬಮ್‌ಗಳಲ್ಲಿ ಘರ್ಜಿಸುವುದನ್ನು ಬಿಟ್ಟು ಬರಿಯ ಹಾಡುಗಾರನಾದ ದಿನವೇ ಓಪೆತ್ ತೀರಿಕೊಂಡಿತು ಎಂಬುದು ಆ ಸಿದ್ಧಾಂತ. ನಾನೂ ಎಂಟು ವರ್ಷ ಅದನ್ನೇ ನಂಬಿದ್ದೆ. ಆದ್ದರಿಂದಲೇ ಅದರ ಮೇಲೆ ನನಗೆ ಇಷ್ಟು ಸಿಟ್ಟು.

2009ರಲ್ಲಿ ಐಐಟಿ ಮದ್ರಾಸಿನ ಸಾರಂಗ್ ಉತ್ಸವಕ್ಕೆ ಓಪೆತ್ ಬಂದಾಗ ನಾನು ಚೆನ್ನೈಯಲ್ಲೇ ಇದ್ದೆ. ಮರುದಿನ ಕಚೇರಿಯಲ್ಲಿ ಹಿರಿಯರೊಬ್ಬರು ನನ್ನ ಇಯರ್‌ಫೋನನ್ನು ಕಿವಿಗಿಟ್ಟುಕೊಂಡು, ‘ಇಂಗ್ಲಿಷ್ ಎಂ.ಎ. ಮಾಡಿ ಇದನ್ನು ಕೇಳುತ್ತೀರಲ್ಲ ಮಾರಾಯರೆ’ ಎಂದು ನೊಂದುಕೊಂಡರು. ಅವರೂ ನಮ್ಮ ಕರಾವಳಿಯವರೇ. ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುವಾಗ ಯಾರಾದರೂ ಅದನ್ನು ಅಪಸ್ವರ ಎನ್ನುತ್ತಾರೆಯೇ ಎಂದು ಕೇಳಿದೆ. ಆ ಆರ್ಭಟದಿಂದಾಗಿಯೇ ಅಲ್ಲವೇ ಮುಂದಿನ ಸ್ತ್ರೀವೇಷದ ಮಾತು ಮೆತ್ತಗೆ ಕೇಳಿಸುವುದು? ಅವರು ನಕ್ಕರು, ಒಪ್ಪಲಿಲ್ಲ.

ಈಗ ಅನ್ನಿಸುತ್ತದೆ: ಘರ್ಜನೆಯಿದ್ದರೆ ಸಂಗೀತವಲ್ಲ ಎಂದ ಅವರೂ, ಘರ್ಜನೆಯಿಲ್ಲದಿದ್ದರೆ ಓಪೆತ್ ಅಲ್ಲ ಎನ್ನುವ ಪಟ್ಟಿಕಾರರೂ ಒಂದೇ ಪಂಕ್ತಿಯಲ್ಲಿ ಕೂರಬೇಕಾದವರು. ಇಬ್ಬರೂ ಕೇಳುತ್ತಿರುವುದು ಗಂಟಲನ್ನು ಮಾತ್ರ. 2003ರ ‘ಡ್ಯಾಮ್ನೇಶನ್’ನಲ್ಲಿ ಒಂದೇ ಒಂದು ಘರ್ಜನೆಯಿಲ್ಲ, ಮೆಲ್ಲೊಟ್ರಾನ್, ತೆಳುವಾದ ಗಿಟಾರ್, ಮಂದ್ರದ ದನಿ, ಅಷ್ಟೇ. ಅದನ್ನು ಮಾತ್ರ ಇವರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಏಕೆಂದರೆ ಅದಕ್ಕೆ ಜೋಡಿಯಾಗಿ ‘ಡೆಲಿವರೆನ್ಸ್’ ಎಂಬ ಉಗ್ರ ಆಲ್ಬಮ್ ಇತ್ತು. ಮನೆಯಲ್ಲಿ ದೊಡ್ಡ ನಾಯಿ ಇದೆ ಎಂಬ ಧೈರ್ಯ ಇತ್ತು.

ಹಾಗಾದರೆ ನನ್ನ ಕ್ರಮ ಯಾವುದು? ಮೊದಲ ಸ್ಥಾನ 1999ರ ‘ಸ್ಟಿಲ್ ಲೈಫ್’ಗೆ. ಊರಿನವರ ಶ್ರದ್ಧೆ ತನ್ನದಲ್ಲವೆಂಬ ಕಾರಣಕ್ಕೆ ಹೊರದೂಡಲ್ಪಟ್ಟವನೊಬ್ಬ ವರ್ಷಗಳ ಬಳಿಕ ತನ್ನ ಮೆಲಿಂಡಾಳಿಗಾಗಿ ಮರಳಿ ಬರುತ್ತಾನೆ. ಊರು ಅವನನ್ನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಕಥೆ ಎರಡು ಸಾವುಗಳಲ್ಲಿ ಮುಗಿಯುತ್ತದೆ. ಏಳು ಹಾಡುಗಳು, ಒಂದರಿಂದ ಒಂದಕ್ಕೆ ದಾಟುವಾಗ ಆ ಮನುಷ್ಯನ ಅಂಜಿಕೆ, ಆಸೆ, ಕ್ರೋಧಗಳು ಘರ್ಜನೆಗೂ ಹಾಡಿಗೂ ಹಂಚಿಹೋಗುತ್ತವೆ. ‘ಫೇಸ್ ಆಫ್ ಮೆಲಿಂಡಾ’ ಮೆಲುದನಿಯಲ್ಲಿ ತೊಡಗಿ ನಡುವೆ ಭಾರವಾಗುವಾಗಲೂ ಓಕರ್‌ಫೆಲ್ಟ್ ಘರ್ಜಿಸುವುದಿಲ್ಲ. ದನಿಯ ಆಯ್ಕೆ ಕಥೆಗೆ ಸೇರಿದ್ದು, ತಂಡದ ಮುದ್ರೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಊರಿಗೆ ಹೋದಾಗಲೆಲ್ಲ ‘ಯಾವಾಗ ಬಂದಿರಿ, ಯಾವಾಗ ಹೊರಡುತ್ತೀರಿ’ ಎಂಬೆರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುವ ನಮ್ಮಂಥವರು ಈ ಆಲ್ಬಮನ್ನು ಒಮ್ಮೆ ಕೇಳಬೇಕು.

ಎರಡನೆಯದು, ಪಟ್ಟಿಕಾರರು ಕೆಳಗೆ ತಳ್ಳುವ ‘ಇನ್ ಕೌಡಾ ವೆನೇನಮ್’. 2019. ಇಪ್ಪತ್ತನಾಲ್ಕು ವರ್ಷ ಇಂಗ್ಲಿಷಿನಲ್ಲೇ ಆಲ್ಬಮ್ ಮಾಡಿದ ತಂಡ ಮೊದಲ ಬಾರಿಗೆ ಇಡೀ ಆಲ್ಬಮನ್ನು ಸ್ವೀಡಿಷ್ ಭಾಷೆಯಲ್ಲಿ ಬರೆಯಿತು. ಜಗತ್ತಿಗೆ ಅರ್ಥವಾಗಲೆಂದು ಇಂಗ್ಲಿಷ್ ಆವೃತ್ತಿಯನ್ನೂ ಜೊತೆಗೇ ಹೊರತಂದಿತು. ನನಗೆ ಸ್ವೀಡಿಷ್‌ನ ಒಂದು ಅಕ್ಷರವೂ ಬಾರದು. ಆದರೂ ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಇಂಗ್ಲಿಷಿನಲ್ಲಿ ಓಕರ್‌ಫೆಲ್ಟ್ ಚೆನ್ನಾಗಿ ಹಾಡುತ್ತಾರೆ. ಸ್ವೀಡಿಷ್‌ನಲ್ಲಿ ಆ ಎಚ್ಚರ ಕಳಚಿಬೀಳುತ್ತದೆ. ವ್ಯಂಜನಗಳು ತಾಳಕ್ಕೆ ತಾವಾಗಿ ಒರಗಿಕೊಳ್ಳುತ್ತವೆ. ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು, ಹಿಂದಿಯಲ್ಲಿ ಸಹಿ ಹಾಕಿ, ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡುವವನಿಗೆ ಆ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಪಟ್ಟಿಗಳಲ್ಲಿ ಇದಕ್ಕೆ ಹನ್ನೊಂದನೆಯ, ಹನ್ನೆರಡನೆಯ ಸ್ಥಾನ ಕೊಟ್ಟವರು ಯಾವ ಭಾಷೆಯದನ್ನು ಕೇಳಿ ಕೊಟ್ಟರೆಂದು ಹೇಳುವ ಸೌಜನ್ಯವನ್ನೂ ತೋರುವುದಿಲ್ಲ. ‘ಹೆರಿಟೇಜ್’ ಬಂದಾಗ ಮುನಿಸಿಕೊಂಡು ಈ ತಂಡಕ್ಕೆ ಕಿವಿ ಮುಚ್ಚಿದ್ದ ನಾನು ಮತ್ತೆ ಕಿವಿ ತೆರೆದದ್ದು ಇದಕ್ಕಾಗಿ.

ಮೂರನೆಯದು ‘ಘೋಸ್ಟ್ ರೆವರೀಸ್’. ಅದರ ಬಗ್ಗೆ ಜಗಳವಿಲ್ಲ. ನಾಲ್ಕರಲ್ಲಿ ‘ಬ್ಲ್ಯಾಕ್‌ವಾಟರ್ ಪಾರ್ಕ್’. ಸ್ಟೀವನ್ ವಿಲ್ಸನ್ ನಿರ್ಮಾಣಕ್ಕೆ ಕೈಜೋಡಿಸಿದ ಮೇಲೆ ಧ್ವನಿಮುದ್ರಣ ಹೊಳಪೇರಿತು, ಹೌದು. ಆದರೆ ‘ಸ್ಟಿಲ್ ಲೈಫ್’ ಕಂಡುಕೊಂಡದ್ದನ್ನು ಅದು ಓರಣವಾಗಿಟ್ಟಿತೇ ಹೊರತು ತಾನೇ ಅಪಾಯಕ್ಕೆ ಇಳಿಯಲಿಲ್ಲ. ಮೊದಲೆರಡು ಆಲ್ಬಮ್‌ಗಳ ಅಭಿಮಾನಿಗಳು ನನ್ನನ್ನು ಮನ್ನಿಸಲಿ. ‘ಮಾರ್ನಿಂಗ್‌ರೈಸ್’ನ ಇಪ್ಪತ್ತು ನಿಮಿಷದ ಹಾಡಿನಲ್ಲಿ ಹೊಲಿಗೆಗಳು ಎದ್ದು ಕಾಣುತ್ತವೆ.

‘ಹೆರಿಟೇಜ್’ಗೆ ನಾನೂ ಹನ್ನೊಂದನ್ನೇ ಕೊಡುತ್ತೇನೆ, ಘರ್ಜನೆಯಿಲ್ಲವೆಂದಲ್ಲ, ಹಾಡುಗಳು ತುಂಡು ತುಂಡಾಗಿವೆಯೆಂದು. ಕೊನೆಯ ಸ್ಥಾನ 2016ರ ‘ಸಾರ್ಸರೆಸ್’ಗೆ: ಅಲ್ಲಿ ಎಪ್ಪತ್ತರ ದಶಕದ ಮೇಲಿನ ಪ್ರೀತಿ ಹಾಡಿಗಿಂತ ದೊಡ್ಡದಾಯಿತು.

2024ರಲ್ಲಿ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ ಬಂತು. ಮೃತ ಯಜಮಾನನೊಬ್ಬನ ಉಯಿಲನ್ನು ಮಕ್ಕಳ ಮುಂದೆ ಓದುವ ಕಥೆ. ಕೊನೆಯದೊಂದನ್ನು ಬಿಟ್ಟು ಹಾಡುಗಳಿಗೆ ಹೆಸರೇ ಇಲ್ಲ, ಕಲಂ ಒಂದರಿಂದ ಏಳರವರೆಗೆ ಸಂಖ್ಯೆಗಳು ಮಾತ್ರ. ಜನ್ಮದಲ್ಲಿ ಮೊದಲ ಬಾರಿ ಒಂದು ಆಲ್ಬಮ್ ನನ್ನ ವೃತ್ತಿಗೆ ಗೌರವ ಸಲ್ಲಿಸಿತು. ಜೆತ್ರೊ ಟಲ್‌ನ ಇಯಾನ್ ಆ್ಯಂಡರ್ಸನ್ ಉಯಿಲಿನ ಮಾತುಗಳನ್ನು ಓದುತ್ತಾರೆ, ಕೊಳಲನ್ನೂ ನುಡಿಸುತ್ತಾರೆ. ಘರ್ಜನೆಯೂ ಮರಳಿದೆ, ‘ವಾಟರ್‌ಶೆಡ್’ ಬಂದ ಹದಿನಾರು ವರ್ಷಗಳ ಮೇಲೆ. ಪಟ್ಟಿಕಾರರು ‘ಓಪೆತ್ ಮನೆಗೆ ಬಂತು’ ಎಂದು ಆರತಿ ಎತ್ತಿದರು. ಸತ್ತವನ ಅಧಿಕಾರವನ್ನು ಆ ಘರ್ಜನೆ ಹೊರುತ್ತದೆ; ಆದರೆ ಅದರ ಸುತ್ತ ಹೆಣೆದ ತಂತಿವಾದ್ಯಗಳನ್ನು, ಪಿಸುಮಾತನ್ನು, ತೆರೆದ ಗಂಟಲಿನ ಹಾಡನ್ನು ಅವರು ಕಲಿತದ್ದು ಎಲ್ಲಿ? ಇವರು ಸಾವೆಂದು ಕರೆದ ಆ ವರ್ಷಗಳಲ್ಲೇ. ಇದಕ್ಕೆ ನನ್ನ ಪಟ್ಟಿಯಲ್ಲಿ ಐದನೆಯ ಸ್ಥಾನ. ಆಕ್ಷೇಪಣೆ ಇದ್ದವರು ಬರೆಯಬಹುದು; ಸ್ವೀಡಿಷ್ ಆವೃತ್ತಿಯನ್ನು ಕೇಳಿದ ಮೇಲೆ.