ಎದೆಯ ಮೇಲಿನ ಕಲೆ ಉಬ್ಬಿದರೆ ಮುಚ್ಚಿಡಬೇಡಿ

ಭಾರ ತಾಳಲಾರದೆ ಸ್ತನವನ್ನು ಚಿಕ್ಕದು ಮಾಡಿಸಿಕೊಂಡ ಹೆಣ್ಣುಮಕ್ಕಳಿಗೆ, ಎದೆ ಬೆಳೆದದ್ದಕ್ಕೆ ಕೆರೆಗಿಳಿಯಲೂ ನಾಚಿ ಕೊನೆಗೆ ಆಪರೇಷನ್ ಮಾಡಿಸಿಕೊಂಡ ಹುಡುಗರಿಗೆ, ತಮ್ಮ ಲಿಂಗತ್ವಕ್ಕೆ ಒಪ್ಪುವಂತೆ ಎದೆಯನ್ನು ಸಮ ಮಾಡಿಸಿಕೊಂಡ ಟ್ರಾನ್ಸ್ ಪುರುಷರಿಗೆ, ಇವರೆಲ್ಲರ ಮನೆಯವರಿಗೂ ಈ ಮನವಿ. ಹೊಲಿಗೆ ಬಿಚ್ಚಿ ಒಂದೆರಡು ತಿಂಗಳಾದ ಮೇಲೆ ಗಾಯದ ಗೆರೆ ದಪ್ಪವಾಗುತ್ತಿದೆಯೇ? ತುರಿಕೆ ಇದೆಯೇ? ಬಟ್ಟೆ ತಾಗಿದರೆ ನೋಯುತ್ತಿದೆಯೇ? ಹಾಗಿದ್ದರೆ ದಯವಿಟ್ಟು ಈ ವಾರವೇ ವೈದ್ಯರಿಗೆ ತೋರಿಸಿ.

ತೋರಿಸಲು ಏನು ಅಡ್ಡಿ ಎಂಬುದು ಗೊತ್ತಿರುವುದೇ. ಆಪರೇಷನ್ನೇ ಎಷ್ಟೋ ಮನೆಗಳಲ್ಲಿ ಗುಟ್ಟು. ಗೊತ್ತಿರುವ ಮನೆಗಳಲ್ಲಿ "ಚಂದಕ್ಕೆ ಅಂತ ಮಾಡಿಸಿಕೊಂಡೆಯಲ್ಲ, ಈಗ ಅನುಭವಿಸು" ಎಂಬ ಮಾತು. ಈ ಒಂದು ಮಾತು ಮಗಳದೋ ಮಗನದೋ ಬಾಯನ್ನು ತಿಂಗಳುಗಟ್ಟಲೆ ಮುಚ್ಚಿಸುತ್ತದೆ. ಆದರೆ ಚಿಕಿತ್ಸೆ ಸುಲಭವಾಗಿ ನಾಟುವುದು ಆ ಮೊದಲ ತಿಂಗಳುಗಳಲ್ಲೇ. ಅಮ್ಮಂದಿರೇ, ಅಪ್ಪಂದಿರೇ, ಹಾಗೆ ಅನ್ನಬೇಡಿ.

ಕಲೆ ಉಬ್ಬಿದ್ದು ನಿಮ್ಮ ತಪ್ಪಲ್ಲ. ಎದೆಯ ನಡುವೆ ಮತ್ತು ಭುಜದಲ್ಲಿ ಚರ್ಮ ಸದಾ ಬಿಗಿದೇ ಇರುತ್ತದೆ. ಆ ಎಳೆತಕ್ಕೆ ಗಾಯ ಮಾಗುವಾಗ ಕೊಲಾಜನ್ ಎಂಬ ಪ್ರೋಟೀನ್ ಬೇಕಾದ್ದಕ್ಕಿಂತ ಹೆಚ್ಚು ಕೂಡಿಕೊಳ್ಳುತ್ತದೆ. ಬಿಳಿಯ ಚರ್ಮದವರಿಗಿಂತ ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ, ಅದರಲ್ಲೂ ಹರೆಯದಲ್ಲಿ ಇದು ಹೆಚ್ಚು. ಮನೆತನದಲ್ಲೂ ಬರುತ್ತದೆ. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದವರು, ತೋಳಿನ ಬಿಸಿಜಿ ಲಸಿಕೆಯ ಗುರುತು ಉಬ್ಬಿ ನಿಂತವರು ನಿಮ್ಮ ಮನೆಯಲ್ಲಿದ್ದರೆ ಆಪರೇಷನ್ನಿಗೆ ಮೊದಲೇ ಸರ್ಜನ್ನರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಉಬ್ಬಿದ ಕಲೆಗಳೆಲ್ಲ ಒಂದೇ ಅಲ್ಲ. ಗಾಯದ ಗೆರೆಯೊಳಗೇ ಉಬ್ಬಿದ್ದು ಹೈಪರ್‌ಟ್ರೋಫಿಕ್ ಕಲೆ. ಅದು ಕಾಲಕ್ರಮದಲ್ಲಿ ತಾನಾಗಿ ತಗ್ಗಲೂಬಹುದು. ಗೆರೆ ದಾಟಿ ಆಚೆಯ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್. ಅದು ತಾನಾಗಿ ಹೋಗುವುದು ಅಪರೂಪ, ಕೆಲವರಲ್ಲಿ ವರ್ಷ ಕಳೆದ ಮೇಲೂ ತಲೆ ಎತ್ತುತ್ತದೆ. ಎರಡೂ ಕ್ಯಾನ್ಸರ್ ಅಲ್ಲ. ಆದರೂ ಬೇಗಬೇಗ ಬೆಳೆಯುವ, ಹುಣ್ಣಾಗುವ ಗಂಟನ್ನು, ಸ್ತನದೊಳಗೆ ಕೈಗೆ ಸಿಗುವ ಹೊಸ ಗಡ್ಡೆಯನ್ನು ಕಲೆಯೆಂದು ನೀವೇ ತೀರ್ಮಾನಿಸಿಕೊಳ್ಳಬೇಡಿ. ಪರೀಕ್ಷೆ ಆಗಲೇಬೇಕು.

ಚಿಕಿತ್ಸೆ ಇದೆ, ತಾಳ್ಮೆ ಬೇಕು. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ, ಕನಿಷ್ಠ ಎರಡು ಮೂರು ತಿಂಗಳು ಅಂಟಿಸಿಕೊಂಡಿರಬೇಕು. ನಮ್ಮ ಸೆಕೆಗೆ ಅದರಡಿ ಬೆವರಿ ಗುಳ್ಳೆ ಏಳಬಹುದು. ಪಟ್ಟಿಯನ್ನೂ ಚರ್ಮವನ್ನೂ ದಿನಾ ತೊಳೆದು ಒಣಗಿಸಿ, ಆಗದಿದ್ದರೆ ಸಿಲಿಕೋನ್ ಜೆಲ್ ಬಗ್ಗೆ ಕೇಳಿ. ಇದಕ್ಕೆ ಬಗ್ಗದ ಕಲೆಯೊಳಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುತ್ತಾರೆ, ಸಾಮಾನ್ಯವಾಗಿ ಮೂರರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ನೋಯುತ್ತದೆ, ನಿಜ. ಸುತ್ತಲ ಚರ್ಮ ತೆಳುವಾಗಬಹುದು, ಬಣ್ಣ ಮಾಸಬಹುದು. ಆದರೆ ತುರಿಕೆ, ನೋವು ಇಳಿದು ಕಲೆ ಮೆತ್ತಗಾಗುವುದು ಬಹಳ ಮಂದಿಯ ಅನುಭವ. ಮೊದಲ ಇಂಜೆಕ್ಷನ್ನಿಗೇ ಬೇಸತ್ತು ಬಿಟ್ಟುಬಿಡಬೇಡಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡುತ್ತಿದ್ದರೆ ಮುಂಚೆಯೇ ತಿಳಿಸಿ.

ಇನ್ನು, ಬರೆ ಹಾಕಿಸಬೇಡಿ. ಸುಣ್ಣ ಹಚ್ಚಬೇಡಿ. ಸುಟ್ಟ ಗಾಯವೇ ಇನ್ನೊಂದು ಕೀಲಾಯ್ಡಿಗೆ ದಾರಿ. ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಮುಲಾಮೂ ಬೇಡ. "ಕತ್ತರಿಸಿ ತೆಗೆದುಬಿಡೋಣ, ಒಂದೇ ದಿನದ ಕೆಲಸ" ಎಂದು ಯಾರಾದರೂ ಹೇಳಿದರೆ, ಆಮೇಲೇನು ಚಿಕಿತ್ಸೆ ಎಂದು ಕೇಳಿ. ಬರೀ ಕತ್ತರಿಸಿದ ಕೀಲಾಯ್ಡ್ ಅರ್ಧದಷ್ಟು ಜನರಲ್ಲಿ, ಕೆಲವು ಕಡೆಯ ಲೆಕ್ಕದಲ್ಲಿ ಅದಕ್ಕೂ ಹೆಚ್ಚು ಜನರಲ್ಲಿ, ಮರಳಿ ಬಂದಿದೆ. ಬಂದದ್ದು ಮೊದಲಿಗಿಂತ ದೊಡ್ಡದಾಗಿಯೂ ಬರಬಹುದು.

ದುಬಾರಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಈ ಇಂಜೆಕ್ಷನ್ ಅಪರೂಪದ ಕೆಲಸವಲ್ಲ. ಎದೆ ತೋರಿಸಲು ಸಂಕೋಚವಾದರೆ ಮಹಿಳಾ ವೈದ್ಯರನ್ನು ಕೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಟ್ರಾನ್ಸ್ ಗೆಳೆಯರೇ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 15ನೇ ಸೆಕ್ಷನ್ ನಿಮ್ಮ ಶಸ್ತ್ರಚಿಕಿತ್ಸೆಯ ಜೊತೆಗೆ ಲೇಸರ್ ಚಿಕಿತ್ಸೆ, ಇತರ ಆರೋಗ್ಯ ಸಮಸ್ಯೆಗಳ ಖರ್ಚನ್ನೂ ಸರ್ಕಾರ ವಿಮೆಯಡಿ ತರಬೇಕೆನ್ನುತ್ತದೆ. ಕಲೆಯ ಚಿಕಿತ್ಸೆಯನ್ನೂ ಅದರಲ್ಲಿ ಸೇರಿಸಿ ಎಂದು ಒತ್ತಾಯಿಸಿ. ಉಳಿದವರೂ ಅವರ ಜೊತೆ ದನಿಗೂಡಿಸಬೇಕು.

ಕೊನೆಗೆ ಸರ್ಜನ್ನರಲ್ಲಿ ಒಂದು ಬೇಡಿಕೆ. ಹೊಲಿಗೆ ಬಿಚ್ಚಿದ ದಿನಕ್ಕೆ ನಿಮ್ಮ ಕೆಲಸ ಮುಗಿಯಿತೆನ್ನಬೇಡಿ. ಗಾಯದ ಗುರುತು ಮಾಗಲು ವರ್ಷವೇ ಬೇಕು. ಆರು ವಾರ, ಮೂರು ತಿಂಗಳು, ಆರು ತಿಂಗಳು ತುಂಬಿದಾಗ ಕಲೆ ನೋಡುವ ದಿನಾಂಕಗಳನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಕನ್ನಡದಲ್ಲಿ ಬರೆದುಕೊಡಿ, ಆ ಭೇಟಿಗಳ ಶುಲ್ಕವನ್ನು ಮೊದಲೇ ಹೇಳುವ ಪ್ಯಾಕೇಜಿನೊಳಗೇ ಸೇರಿಸಿ.