ಅಳಿಸುವ ಕಂಪ್ಯೂಟರಿಗೂ ಕೆಂಪು ಗುರುತು ಬೇಕು

ಕಸದ ಎಣ್ಣೆ ಅಂತ ಒಂದೇ ಹೆಸರು ಹೇಳಿದರೆ ಸಾಲದು ಎಂಬುದು ಒಕ್ಕಲುತನ ಮಾಡುವ ಎಲ್ಲರಿಗೂ ಗೊತ್ತು. ಜೋಳದ ಹೊಲಕ್ಕೆ 2,4-ಡಿ ಹೊಡೆದರೆ ಅಗಲ ಎಲೆಯ ಕಸ ಸಾಯುತ್ತದೆ, ಜೋಳ ಉಳಿಯುತ್ತದೆ. ನಡುವೆ ತೊಗರಿ ಸಾಲು ಇದ್ದರೆ ತೊಗರಿಯೂ ಹೋಯಿತು. ಗ್ಲೈಫೊಸೇಟ್ ಹೊಡೆದರೆ ಜೋಳವೂ ಇಲ್ಲ, ತೊಗರಿಯೂ ಇಲ್ಲ. 'ಕಸ ಕೊಲ್ಲುತ್ತದೆ' ಎಂಬ ಮಾತು ಎರಡಕ್ಕೂ ನಿಜವೇ. ಆದರೆ ಅಷ್ಟೇ ಮಾತು ನಂಬಿ ಹೊಡೆದವನಿಗೆ ಬೆಳೆ ದಕ್ಕುವುದಿಲ್ಲ.

ಈ ಮಾತನ್ನು ಈಗ ಕಂಪ್ಯೂಟರಿನವರಿಗೂ ಹೇಳಬೇಕಾಗಿದೆ. ಎಐ ಎನ್ನುವ ಯಂತ್ರಬುದ್ಧಿ ಇಲ್ಲಿಯವರೆಗೆ ಹೆಚ್ಚಾಗಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು. ಪಿಎಂ-ಕಿಸಾನ್ ಹಣದ ಬಗ್ಗೆ ವಿಚಾರಿಸಲು 2023ರಲ್ಲಿ ಬಂದ ಕಿಸಾನ್ ಇ-ಮಿತ್ರ ಆ ಜಾತಿಯದು. ಈಗ ಬರುತ್ತಿರುವುದು ಎಐ ಏಜೆಂಟ್. ಇದು ಉತ್ತರ ಹೇಳಿ ಸುಮ್ಮನಿರುವುದಿಲ್ಲ, ಕೆಲಸವನ್ನೇ ಮಾಡುತ್ತದೆ. ಪತ್ರ ಕಳಿಸುತ್ತದೆ, ಲೆಕ್ಕ ತಿದ್ದುತ್ತದೆ, ಹೆಸರು ಅಳಿಸುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಸಲಕರಣೆ ಕೊಟ್ಟಿರುತ್ತಾರೆ, ಅದಕ್ಕೊಂದು ವಿವರಣೆ ಬರೆದಿರುತ್ತಾರೆ. ಈ ಕೆಲಸದಲ್ಲಿರುವ ಹುಡುಗರು ಹೇಳುವ ಪ್ರಕಾರ, ಏಜೆಂಟ್ ಸಲಕರಣೆಯ ಒಳಗೆ ಇಣುಕಿ ನೋಡುವುದಿಲ್ಲ. ಹೆಸರು ಮತ್ತು ವಿವರಣೆ ಓದಿ ಆರಿಸಿಕೊಳ್ಳುತ್ತದೆ. ಅಂದರೆ ಬಾಟಲಿಯ ಚೀಟಿಯೇ ಅದಕ್ಕೆ ಎಲ್ಲ.

'ನಮಗ್ಯಾಕ್ರಿ ಇದರ ಉಸಾಬರಿ' ಅನ್ನಬೇಡಿ. 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ನಾಳೆ ಅಲ್ಲಿಗೂ ಏಜೆಂಟ್ ಬರಬಹುದು. ಕಾರ್ಯದರ್ಶಿ 'ತೀರಿಕೊಂಡವರ ಹೆಸರು ತೆಗೆ' ಅಂತಾರೆ ಅಂತಿಟ್ಟುಕೊಳ್ಳಿ. ಸಲಕರಣೆಯ ಮೇಲೆ 'ಸದಸ್ಯರ ಪಟ್ಟಿ ಸ್ವಚ್ಛ ಮಾಡುತ್ತದೆ' ಅಂತ ಮಾತ್ರ ಬರೆದಿದ್ದರೆ? ಎರಡು ವರ್ಷ ಬರಗಾಲ ಬಿದ್ದು ವ್ಯವಹಾರ ಮಾಡದ ಬಡವನ ಹೆಸರೂ ಅದರ ಜೊತೆ ಹೋಗಬಹುದು. ಮುಂಗಾರಿಗೆ ಸಾಲ ಕೇಳಲು ಹೋದಾಗಲೇ ಅವನಿಗೆ ಗೊತ್ತಾಗುವುದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಕೆಡಿಸುವ ಸಲಕರಣೆಯ ಚೀಟಿ ಲಾಭದಿಂದ ಶುರುವಾಗಬಾರದು, ನಷ್ಟದಿಂದ ಶುರುವಾಗಬೇಕು. ಹೀಗೆ ಬರೆಯಲಿ: 'ಇದು ಸದಸ್ಯನ ಹೆಸರು ಮತ್ತು ಅವನ ಸಾಲದ ಲೆಕ್ಕವನ್ನು ಪೂರ್ತಿ ಅಳಿಸುತ್ತದೆ. ಅಳಿಸಿದ್ದು ತಿರುಗಿ ಬರುವುದಿಲ್ಲ. ಒಂದು ಸಲಕ್ಕೆ ಒಬ್ಬನದು ಮಾತ್ರ. ಸದಸ್ಯನ ಸಂಖ್ಯೆ ಕೊಡದೆ ಖಾಲಿ ಬಿಟ್ಟರೆ ಕೆಲಸ ಮಾಡುವುದಿಲ್ಲ. ವ್ಯವಹಾರ ನಿಂತಿದೆ ಎಂಬ ಕಾರಣಕ್ಕೆ ಇದನ್ನು ಬಳಸಬೇಡ, ಅದಕ್ಕೆ ಬೇರೆ ಸಲಕರಣೆ ಇದೆ. ಅಳಿಸುವ ಮೊದಲು ಹೆಸರು ತೋರಿಸಿ ಕಾರ್ಯದರ್ಶಿಯ ಒಪ್ಪಿಗೆ ಪಡೆ.' ಖಾಲಿ ಬಿಟ್ಟರೆ ಎಲ್ಲರದೂ ಅಳಿಸುವ ಸಲಕರಣೆ ಅಂದರೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟ ಹಾಗೆ. ನೋಡುವುದು, ತಿದ್ದುವುದು, ಅಳಿಸುವುದು ಮೂರನ್ನೂ ಒಂದೇ ಸಲಕರಣೆಗೆ ತುಂಬುವುದೂ ತಪ್ಪು.

ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರಬೇಕು ಎಂಬುದು 1971ರ ನಿಯಮ. ಓದು ಬಾರದವನೂ ಕೆಂಪು ಕಂಡರೆ ಹುಷಾರಾಗುತ್ತಾನೆ. ಇಂಥದ್ದು ಅಲ್ಲೂ ಶುರುವಾಗಿದೆ. ಏಜೆಂಟಿಗೆ ಸಲಕರಣೆ ಜೋಡಿಸಲು ಆಂಥ್ರೊಪಿಕ್ ಎಂಬ ಕಂಪನಿ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಪದ್ಧತಿ ತಂದಿತು. 2025ರ ಮಾರ್ಚ್‌ನಲ್ಲಿ ಅದಕ್ಕೆ 'ಓದಲು ಮಾತ್ರ', 'ಹಾನಿ ಮಾಡಬಹುದು' ಎಂಬಂಥ ಗುರುತುಗಳು ಸೇರಿದವು. ತಿದ್ದುವ ಸಲಕರಣೆಗೆ ಗುರುತೇ ಹಾಕದಿದ್ದರೆ ಹಾನಿ ಮಾಡುವಂಥದ್ದೆಂದೇ ತಿಳಿಯಬೇಕಂತೆ. ಇದು ನನಗೆ ಬಹಳ ಸರಿ ಕಂಡಿತು. ಚೀಟಿ ಕಿತ್ತುಹೋದ ಬಾಟಲಿಯನ್ನು ನಾವು ವಿಷ ಅಂತಲೇ ಎತ್ತಿಡುತ್ತೇವಲ್ಲ, ಹಾಗೆ. ಅಪರಿಚಿತರು ಹಾಕಿದ ಗುರುತನ್ನು ನಂಬಬಾರದು ಎಂದೂ ಅದರಲ್ಲಿದೆ.

ಆದರೆ ಬರವಣಿಗೆಯೊಂದೇ ಕಾಯುವುದಿಲ್ಲ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಕಂಪನಿಯ ಏಜೆಂಟಿಗೆ 'ಏನನ್ನೂ ಮುಟ್ಟಬೇಡ' ಅಂತ ಹೇಳಿದ್ದರೂ, ಅದು 1,200ಕ್ಕೂ ಹೆಚ್ಚು ಜನರ ವಿವರ ಇದ್ದ ದಾಖಲೆ ಅಳಿಸಿತು. ತಿರುಗಿ ತರಲು ಬರುವುದಿಲ್ಲ ಅಂತಲೂ ಹೇಳಿತು. ಆಮೇಲೆ ನೋಡಿದರೆ ತರಲು ಬಂತು. ಕಂಪನಿಯವರು ಕ್ಷಮೆ ಕೇಳಿ, ಪ್ರಯೋಗದ ದಾಖಲೆ ಬೇರೆ, ನಿಜವಾದ ದಾಖಲೆ ಬೇರೆ ಇಡುವ ಏರ್ಪಾಟು ಮಾಡಿದರು. ಕಸದ ಎಣ್ಣೆಗೆ ನಾವು ಬೇರೆ ಪಂಪು ಇಡುವುದೂ ಇದಕ್ಕೇ. ಚೀಟಿಯೂ ಬೇಕು, ಬೀಗವೂ ಬೇಕು.

'ಪ್ರತಿಯೊಂದಕ್ಕೂ ಒಪ್ಪಿಗೆ ಕೇಳುತ್ತ ಕೂತರೆ ಕೆಲಸ ಸಾಗುತ್ತದಾ?' ಎಂಬ ಪ್ರಶ್ನೆ ಬರುತ್ತದೆ. ಪ್ರತಿಯೊಂದಕ್ಕೂ ಬೇಡ. ಹಾಗೆ ಕೇಳಿದರೆ ಮನುಷ್ಯ ಓದದೆ 'ಹೂಂ' ಒತ್ತುತ್ತಾನೆ. ಡಬ್ಬಿಯ ಜೊತೆ ಬರುವ ಸಣ್ಣ ಅಕ್ಷರದ ಕಾಗದವನ್ನು ನಮ್ಮಲ್ಲಿ ಎಷ್ಟು ಜನ ಓದುತ್ತೇವೆ? ತಿರುಗಿ ಬಾರದ ಕೆಲಸಕ್ಕೆ ಮಾತ್ರ ಕೇಳಲಿ, ಆದರೆ ತಪ್ಪದೆ ಕೇಳಲಿ.

ಸಂಘದ ಮಹಾಸಭೆಯಲ್ಲಿ ಲಾಭಾಂಶದ ಬಗ್ಗೆ ಕೇಳುವ ನಾವು ಇನ್ನು ಮೂರು ಪ್ರಶ್ನೆ ಸೇರಿಸೋಣ: ಈ ಯಂತ್ರ ಏನನ್ನು ಅಳಿಸಬಲ್ಲದು? ಅಳಿಸಿದ್ದು ತಿರುಗಿ ಬರುತ್ತದೆಯೇ? ಯಾರ ಒಪ್ಪಿಗೆಯ ಮೇಲೆ ಅಳಿಸುತ್ತದೆ? ಉತ್ತರ ಕನ್ನಡದಲ್ಲಿ, ನಮಗೆ ತಿಳಿಯುವ ಹಾಗೆ, ಗೋಡೆಯ ಮೇಲೆ ಬರೆದಿರಲಿ.